ಖಾಲಿ ಅಂದದ್ದು ಯಾವುದಕ್ಕೆ

ನಮ್ಮ ಮನೆಯವರು ಸಹಿ ಮಾಡಲಿಲ್ಲ. ಇಪ್ಪತ್ತೆಂಟು ಮನೆಗಳ ಬಿಲ್ಡಿಂಗ್‌ನಲ್ಲಿ ಇಪ್ಪತ್ತೇಳು ಮನೆಯವರು ಸಹಿ ಹಾಕಿದ ಅರ್ಜಿ ನಮ್ಮ ಊಟದ ಟೇಬಲ್ಲಿನ ಮೇಲೆ, ಉಪ್ಪಿನಕಾಯಿ ಭರಣಿಯ ಕೆಳಗೆ, ಹದಿನೈದು ದಿನ ಬಿದ್ದಿತ್ತು. ಇವರು ಸೊಸೈಟಿಯ ಸೆಕ್ರೆಟರಿ. ಇವರ ಸಹಿ ಮತ್ತು ಇವರ ಕಪಾಟಿನಲ್ಲಿರುವ ರಬ್ಬರ್ ಸ್ಟಾಂಪು ಬೀಳದೆ ಆ ಕಾಗದವನ್ನು ವಾರ್ಡ್ ಆಫೀಸಿನಲ್ಲಿ ಕೈಯಿಂದ ಮುಟ್ಟುವುದೂ ಇಲ್ಲ. ನಾನು ದಿನಾ ಭರಣಿ ಎತ್ತಿ ಅರ್ಜಿಯನ್ನು ಅವರ ತಟ್ಟೆಯ ಪಕ್ಕಕ್ಕೆ ಸರಿಸುತ್ತಿದ್ದೆ. ಅವರು ದಿನಾ ಉಪ್ಪಿನಕಾಯಿ ಹಾಕಿಕೊಂಡು ಭರಣಿಯನ್ನು ಮತ್ತೆ ಅದರ ಮೇಲೇ ಇಡುತ್ತಿದ್ದರು.

ಅರ್ಜಿ ಗೇಟಿನ ಮುಂದಿನ ಗುಂಡಿಯ ಬಗ್ಗೆ. ಗಟಾರದ ಪೈಪು ಬದಲಿಸುತ್ತೇವೆ ಎಂದು ದೀಪಾವಳಿ ಮುಗಿದ ವಾರವೇ ಬಂದು, ಮುಂಬೈ ಮಲಾಡಿನ ನಮ್ಮ ಓಣಿಯ ಉದ್ದಕ್ಕೂ ಎದೆಮಟ್ಟ ಅಗೆದು, ಹೋದರು. ಹೋದವರು ಬರಲಿಲ್ಲ. ಗೇಟಿನಿಂದ ಆಚೆ ಹೋಗಬೇಕಾದರೆ ಎರಡು ಹಲಗೆ ದಾಟಬೇಕು. ಕಾಲಿಟ್ಟರೆ ಒಂದು ಹಲಗೆ ಏಳುತ್ತದೆ, ಇನ್ನೊಂದು ಕೂರುತ್ತದೆ. ಗುಂಡಿಯ ಪಕ್ಕದಲ್ಲಿ ನಮ್ಮ ಶಾಸಕರ ಬೋರ್ಡು. ಈ ಕೆಲಸ ಅವರ ಪ್ರಯತ್ನದಿಂದ ಆಗುತ್ತಿದೆಯಂತೆ. ಬೋರ್ಡಿನಲ್ಲಿ ಅವರು ಗುಂಡಿಗೆ ಕೈ ಮುಗಿದು ನಿಂತ ಹಾಗೆ ಕಾಣುತ್ತದೆ.

ನಮಗೆಲ್ಲ ಇದು ತೊಂದರೆ, ಆದರೆ ನಮ್ಮ ಅತ್ತೆಗೆ ಇದು ಸೆರೆಮನೆ. ಅವರಿಗೆ ಎಂಬತ್ತರ ಹತ್ತಿರ, ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ಪ್ರತಿ ಶನಿವಾರ ಮಧ್ಯಾಹ್ನ ನನ್ನ ಜೊತೆ ಲೋಕಲ್ ರೈಲು ಹತ್ತಿ ಮಾಟುಂಗಕ್ಕೆ ಹೋಗುತ್ತಿದ್ದರು. ಅಲ್ಲಿಯ ಕನ್ನಡ ಸಂಘದ ಹಿಂದಿನ ಕೋಣೆಯಲ್ಲಿ ಹತ್ತು ಜನ ಹೆಂಗಸರ ಭಜನೆ, ಅತ್ತೆಯದು ತಾಳ. ಭಜನೆ ಒಂದು ತಾಸು, ಆಮೇಲಿನ ಮಾತು ಎರಡು ತಾಸು. ವಿಜಯಪುರ ಜಿಲ್ಲೆಯ ಹೆಣ್ಣುಮಗಳು ಅರವತ್ತು ವರ್ಷದ ಮೇಲೆ ಈ ಊರಿನಲ್ಲಿ ಬಾಳಿದರೂ ಅವರ ಮರಾಠಿ ತರಕಾರಿ ಕೊಳ್ಳುವುದನ್ನು ಮೀರಿ ಬೆಳೆಯಲಿಲ್ಲ. ವಾರಕ್ಕೊಮ್ಮೆ ಬಾಯಿ ತುಂಬ ಕನ್ನಡ ಆಡಲು ಇದ್ದದ್ದು ಆ ಶನಿವಾರ ಒಂದೇ. ಗುಂಡಿ ತೋಡಿದ ಮೇಲೆ ಅದೂ ನಿಂತಿತು. ಶನಿವಾರ ಬಂತೆಂದರೆ ತಾಳದ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕೂರುತ್ತಿದ್ದರು. ಇದನ್ನು ಮಗ ಎನಿಸಿಕೊಂಡವರು ದಿನಾ ನೋಡುತ್ತಿದ್ದರು. ನೋಡಿಯೂ ಸಹಿ ಮಾಡಲಿಲ್ಲ.

"ಕೆಲಸ ನಡದೈತಿ," ಎನ್ನುತ್ತಿದ್ದರು.

"ಎಲ್ಲಿ ನಡದೈತ್ರೀ? ಐದು ತಿಂಗಳಾತು, ಒಂದು ಸಲಿಕಿ ಅಲ್ಲಾಡಿಲ್ಲ."

"ದೊಡ್ಡ ಪೈಪ್ ಹಾಕೋದೈತಿ. ದೊಡ್ಡ ಕೆಲಸಕ್ಕ ಟೈಮ್ ಹಿಡಿತೈತಿ. ನಿಮ್ಮಾಂವ ಹತ್ತು ವರ್ಷ ಕುಂತು ಏನ್ ಮಾಡಿದ, ಅದನ್ನ ಹೇಳು ಮೊದ್ಲ."

ನಿಮ್ಮಾಂವ ಅಂದರೆ ಹಿಂದಿನ ಶಾಸಕ. ನಮ್ಮಾಂವ ಅಂದರೆ ಈಗ ಗುಂಡಿಗೆ ಕೈ ಮುಗಿದು ನಿಂತಿರುವಾತ. ಪಕ್ಷಗಳ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮತಯಂತ್ರದಲ್ಲಿ ಹೆಸರಿದ್ದ ಜಾಗದ ಪ್ರಕಾರ ಹಿಂದಿನಾತ ಮೇಲಿನವರು, ಈಗಿನಾತ ಕೆಳಗಿನವರು. ನಾನು ಮೇಲಿನವರ ಕಡೆ, ಅವರು ಕೆಳಗಿನವರ ಕಡೆ.

ಒಬ್ಬ ಮನುಷ್ಯನಿಗೆ ಒಂದು ಪಕ್ಷದ ಮೇಲೆ ಅಭಿಮಾನವಿದ್ದರೆ ನನಗೇನೂ ತಕರಾರಿಲ್ಲ. ಅದು ಅಪ್ಪನಿಂದ ಬಂದಿರಬಹುದು, ಓದಿ ಬಂದಿರಬಹುದು, ಉಂಡ ಪೆಟ್ಟಿನಿಂದ ಬಂದಿರಬಹುದು. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಇವರ ಅಭಿಮಾನ ಹುಟ್ಟಿದ ಜಾಗ ನನಗೆ ಗೊತ್ತು, ಗಳಿಗೆ ಗೊತ್ತು. ಅದು ಹುಟ್ಟಿದ್ದು ನನ್ನ ಬಾಯಿಂದ ಬಿದ್ದ ಒಂದು ಶಬ್ದದಿಂದ.

ಕಳೆದ ಚುನಾವಣೆಗೆ ಮುಂಚೆ ಇವರು ಕೆಳಗಿನವರನ್ನು ಬೈದಷ್ಟು ನಾನು ಬೈದಿಲ್ಲ. ಆ ಅಭ್ಯರ್ಥಿಯ ಬ್ಯಾನರ್ ನಮ್ಮ ಗೇಟಿಗೆ ಕಟ್ಟಲು ಬಂದಾಗ ಸೆಕ್ರೆಟರಿಯ ಗತ್ತಿನಲ್ಲಿ ಬಿಚ್ಚಿಸಿದ್ದವರು ಇವರೇ. "ಇವನ ನಗಿ ನೋಡಿದ್ರ ಹಾಲು ಒಡೀತೈತಿ" ಎಂದದ್ದೂ ಇವರೇ. ಮಳೆಗಾಲದಲ್ಲಿ ನಮ್ಮ ಅಂಗಳಕ್ಕೆ ನೀರು ನುಗ್ಗಿದಾಗ ಮೇಲಿನವರ ಕಡೆಯಿಂದ ಪಂಪು ಬಂದಿತ್ತು, ಹಾಗಾಗಿ ನಮ್ಮ ಎರಡೂ ಓಟು ಅವರಿಗೇ ಎಂದು ಇಬ್ಬರೂ ಕೂಡಿ ತೀರ್ಮಾನಿಸಿದ್ದೆವು.

ಮತದಾನ ಹತ್ತಿರದ ಶಾಲೆಯಲ್ಲಿ. ಒಳಗೆ ಮೊಬೈಲ್ ಬಿಡುವುದಿಲ್ಲ. ಅದಕ್ಕೆ ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮೊಬೈಲ್ ಕಾಯುವುದು ಎಂದು ಮಾಡಿಕೊಂಡೆವು. ನಾನು ಮೊದಲು ಹೋಗಿ ಒತ್ತಿ ಬಂದೆ. ಅವರು ಮೊಬೈಲಿನ ಚೀಲವನ್ನು ನನ್ನ ಕೈಗೆ ಕೊಟ್ಟು ಹೋದರು. ಅದರೊಳಗೇ ಅವರ ಕನ್ನಡಕವೂ ಇತ್ತು, ಇಬ್ಬರಿಗೂ ನೆನಪಾಗಲಿಲ್ಲ. ಕೋಣೆಯ ಬಾಗಿಲ ತನಕ ಹೋಗಿ, ಶರ್ಟಿನ ಜೇಬು ತಟ್ಟಿ ನೋಡಿ, ತಿರುಗಿ ನಿಂತರು. ನಾನು ವರಾಂಡದ ಹಗ್ಗದ ಈಚೆ. ಬೆರಳನ್ನು ಮೇಲೆ ಕೆಳಗೆ ಆಡಿಸಿ ಏನೋ ಕೇಳಿದರು. ಆ ಗದ್ದಲದಲ್ಲಿ ನನಗೆ ಕೇಳಿಸಿದ್ದು "ಯಾವ್ದು?" ಎಂಬುದಷ್ಟೇ.

ಮುಂಬೈಯಲ್ಲಿ ಕನ್ನಡ ನಮಗೆ ಗುಟ್ಟಿನ ಭಾಷೆ. ಲೋಕಲ್‌ನಲ್ಲಿ ಎದುರಿಗೆ ಕೂತವಳ ಸೀರೆಯನ್ನೂ, ಮಾರ್ಕೆಟ್ಟಿನಲ್ಲಿ ತಕ್ಕಡಿಯ ಮೋಸವನ್ನೂ ಅವರ ಮುಂದೆಯೇ ಧೈರ್ಯವಾಗಿ ಆಡಿಕೊಳ್ಳುತ್ತೇವೆ. ಬಾಗಿಲ ಪೊಲೀಸನಿಗೆ ತಿಳಿಯದು ಎಂದುಕೊಂಡೇ ಅವರು ಕನ್ನಡದಲ್ಲಿ ಕೇಳಿದ್ದರು, ಕನ್ನಡಕವಿಲ್ಲದೆ ಚಿಹ್ನೆ ಕಾಣದು, ಒತ್ತಬೇಕಾದ ಬಟನ್ ಮೇಲಿನದೋ ಕೆಳಗಿನದೋ ಎಂದು. ಅಲ್ಲಿ ಅಕ್ಕಪಕ್ಕ ಎರಡು ಕೋಣೆಗಳಿದ್ದವು. ಯಾವ ಕೋಣೆ ಎಂದು ಕೇಳುತ್ತಿದ್ದಾರೆ ಎಂದು ನಾನು ತಿಳಿದೆ. ನಮ್ಮ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ. ಮೂವತ್ತು ವರ್ಷ ಮುನಿಸಿಪಾಲಿಟಿ ಶಾಲೆಯಲ್ಲಿ ಕನ್ನಡ ಕಲಿಸಿದ ಗಂಟಲಿನಲ್ಲಿ ಕೂಗಿದೆ, "ಖಾಲಿ ಐತ್ರೀ! ಖಾಲಿ! ಹೋಗ್ರಿ!"

ಅವರು ತಲೆ ಆಡಿಸಿ ಒಳಗೆ ಹೋದರು.

ಧಾರವಾಡದವಳಾದ ನನಗೆ ಖಾಲಿ ಅಂದರೆ ಯಾರೂ ಇಲ್ಲದ್ದು, ಏನೂ ಇಲ್ಲದ್ದು. ಅವರು ಹುಟ್ಟಿ ಬೆಳೆದದ್ದು ಇದೇ ಮುಂಬೈಯ ಪರೇಲಿನ ಚಾಳಿನಲ್ಲಿ, ಗೋಲಿ ಆಡಿದ್ದು ಮರಾಠಿಯಲ್ಲಿ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಈ ಊರಿನಲ್ಲಿ ಇಷ್ಟು ವರ್ಷ ಬಾಳಿದ ನನಗೆ ಅದು ಗೊತ್ತಿಲ್ಲದ್ದೇನಲ್ಲ, ಆದರೆ ಕೂಗುವಾಗ ಹುಟ್ಟಿದ ಊರಿನ ಮಾತೇ ಬಾಯಿಗೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯೂ ಕನ್ನಡಕ ಇಲ್ಲದ ಅವರಿಗೆ ಒಂದು ಬಿಳಿ ಚೂರಾಗಿಯೇ ಕಂಡಿರಬೇಕು.

ಹೊರಗೆ ಬಂದವರು ನಗುತ್ತ, "ಖಾಲಿದ್ದ ಒತ್ತೇನಿ ನೋಡು," ಎಂದರು.

"ಖಾಲಿದ್ದು ಅಂದ್ರ?"

"ಕೆಳಗಿಂದು. ನೀನ ಹೇಳಿದೆಲ್ಲ."

"ನಾ ಅಂದಿದ್ದು ಖೋಲಿ ಖಾಲಿ ಐತಿ ಅಂತ್ರೀ!"

ಶಾಲೆಯ ಗೇಟಿನಲ್ಲಿ ಇಬ್ಬರೂ ಬೆರಳಿನ ಶಾಯಿ ನೋಡುತ್ತ ನಿಂತೆವು. ಓಟು ಹಾಕಿದ ಮೇಲೆ ಮಾಟುಂಗದಲ್ಲಿ ಇಡ್ಲಿ ತಿನ್ನಿಸುತ್ತೇನೆ ಎಂದು ಅವರು ಮೊದಲೇ ಹೇಳಿದ್ದರು. ಹೋದೆವು. ರಜೆಯ ದಿನ, ಹೋಟೆಲಿನ ಮುಂದೆ ಅರ್ಧ ತಾಸು ನಿಂತು ಜಾಗ ಹಿಡಿದೆವು. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಮುಳುಗಿಸಿ ಕೊನೆಗೆ, "ತಪ್ಪಾತು," ಎಂದರು. ಆಮೇಲೆ, "ಮನ್ಯಾಗ ಅವ್ವಗ ಹೇಳಬ್ಯಾಡ, ನಗ್ತಾಳ," ಎಂದರು. ನಾನು ಹೇಳಲಿಲ್ಲ. ಅವರಿಗಾಗಿ ನಿಜವಾಗಿ ಮರುಗಿದೆ.

ಆ "ತಪ್ಪಾತು" ಎಂಬ ಮಾತು ಅದೇ ಮೊದಲು, ಅದೇ ಕೊನೆ. ಮೂರನೆಯ ದಿನ ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುತ್ತ, "ಹಂಗ ನೋಡಿದ್ರ ಆ ಮನಶ್ಯಾ ಅಷ್ಟೇನು ಕೆಟ್ಟಾಂವ ಅಲ್ಲ," ಎಂದರು. ಯಾವ ಮನುಷ್ಯ ಎಂದು ನಾನು ಕೇಳಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಅವನ ಭಾಷಣವನ್ನು ಮೊಬೈಲಿನಲ್ಲಿ ಪೂರ್ತಿ ಕೇಳಿದರು. ಅವನ ತಾಯಿ ಮನೆಗೆಲಸ ಮಾಡಿ ಸಾಕಿದಳಂತೆ ಎಂದು ಹೇಳುವಾಗ ದನಿ ಭಾರವಾಗಿತ್ತು. ಅವನು ಗೆದ್ದ ದಿನ ಪೇಢೆ ತಂದರು. ಹಾಲು ಒಡೆಯುತ್ತಿದ್ದ ನಗೆ ಈಗ ಹಾಲಿನಂಥ ನಗೆಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರು ಹೆತ್ತದ್ದೂ ಅಲ್ಲ, ಕತ್ತಲಲ್ಲಿ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ಬಂದು ಮುದ್ದು ಮಾಡಿದರು.

ನಾನು ನೌಕರಿಯಲ್ಲಿದ್ದಾಗ ಎಷ್ಟೋ ಚುನಾವಣೆಗಳಲ್ಲಿ ಡ್ಯೂಟಿ ಮಾಡಿದ್ದೇನೆ, ಬೆರಳಿಗೆ ಶಾಯಿ ಹಚ್ಚುವ ಕೆಲಸ. ಸಾಲಿನಲ್ಲಿ ನಿಂತವರು "ಎಲ್ಲಾ ಕಳ್ಳರೇ" ಎಂದು ಗೊಣಗುತ್ತ ಬರುವುದನ್ನು ಕೇಳಿದ್ದೇನೆ. ಅದೇ ಜನ ಒತ್ತಿ ಹೊರಗೆ ಹೋಗುವಾಗ ಬೇರೆ ನಡಿಗೆ, ಮಗಳಿಗೆ ಸಂಬಂಧ ಗಟ್ಟಿ ಮಾಡಿ ಬಂದವರಂತೆ. ಒತ್ತುವ ತನಕ ಅನುಮಾನ, ಒತ್ತಿದ ಮೇಲೆ ಅಭಿಮಾನ ಎಂದು ಟೀ ಹೊತ್ತಿನಲ್ಲಿ ಜೊತೆಯ ಟೀಚರುಗಳಿಗೆ ಹೇಳಿ ನಗಿಸುತ್ತಿದ್ದೆ. ನಾವು ಇಷ್ಟಪಟ್ಟವರಿಗೆ ಓಟು ಹಾಕುತ್ತೇವೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಓಟು ಹಾಕಿಬಿಟ್ಟೆವಲ್ಲ ಎಂದು ಇಷ್ಟಪಡುತ್ತೇವೆ. ಬೇರೆಯವರನ್ನು ನೋಡಿ ಇದನ್ನು ಹೇಳುವುದು ಸುಲಭ. ಆದರೆ ಅದು ನಮ್ಮ ಊಟದ ಟೇಬಲ್ಲಿಗೇ ಬಂದು, ಅರ್ಜಿಯ ಮೇಲೆ ಭರಣಿ ಇಟ್ಟು ಕೂತಾಗ ನಗು ಬರುವುದಿಲ್ಲ.

ಹದಿನಾರನೆಯ ದಿನ ಅದೂ ಒಂದು ಶನಿವಾರ. ಅತ್ತೆ ಕಿಟಕಿಯಲ್ಲಿದ್ದರು, ತಾಳದ ಚೀಲ ತೊಡೆಯ ಮೇಲೆ. ಇವರು ಊಟ ಮುಗಿಸಿ, ಅದೇನು ಮನಸ್ಸು ಬಂತೋ, ಭರಣಿ ಸರಿಸಿ ಅರ್ಜಿಯನ್ನು ಎತ್ತಿಕೊಂಡರು. ಸಹಿ ಮಾಡುತ್ತಾರೆ ಎಂದು ನಾನು ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದೆ. ಕೆಂಪು ಪೆನ್ನು ತೆಗೆದರು. ಅರ್ಜಿ ಬರೆದವಳು ನಾನು, ಮರಾಠಿಯಲ್ಲಿ. ನನ್ನ ಮರಾಠಿ ತಿದ್ದುವುದೆಂದರೆ ಅವರಿಗೆ ಮದುವೆಯಾದಾಗಿನಿಂದಲೂ ಹಬ್ಬ.

"ಇದೇನ್ ಬರದಿ? ರಸ್ತಾ ಖಾಲಿ ಮಾಡಿಕೊಡ್ರಿ ಅಂತ? ಖಾಲಿ ಅಂದ್ರ ಕೆಳಗ. ರಿಕಾಮಾ ಅಂತ ಬರೀಬೇಕ. ಈ ಕಾಗದಾ ಹಿಂಗ ಕೊಟ್ರ, ರಸ್ತಾ ಇನ್ನೂ ಕೆಳಗ ಮಾಡ್ರಿ ಅಂದಂಗ ಆಗತೈತಿ. ಇನ್ನಷ್ಟು ಅಗದು ಹೋಗತಾರ!"

ತಮ್ಮ ಚಟಾಕಿಗೆ ತಾವೇ ನಕ್ಕರು. ಖಾಲಿಯ ಸುತ್ತ ಕೆಂಪು ಸುತ್ತು ಎಳೆದು, ಪೆನ್ನು ಮುಚ್ಚಿ, ಸಹಿ ಮಾಡದೆ ಏಳಲು ಹೊರಟರು.

ನನ್ನ ತಲೆ ಕೆಟ್ಟಿತು. "ಖಾಲಿ ಅಂದ್ರ ಕೆಳಗ ಅಂತ ಹೇಳಿಕೊಡಾಕ ಬರಬ್ಯಾಡ್ರಿ ನನಗ! ಓಟಿನ ದಿನಾನ ಕಲತೇನಿ. ಖೋಲಿ ಖಾಲಿ ಐತಿ ಅಂದ್ರ ಹೋಗಿ ಕೆಳಗಿಂದು ಒತ್ತಿ ಬಂದ್ರಿ. ತಪ್ಪಿ ಒತ್ತಿದ್ದಕ್ಕ ವರ್ಷಾನಗಟ್ಟಲೆ ಆರತಿ ಮಾಡಾಕ ಹತ್ತೀರಿ. ಆ ಆರತಿ ಸಲುವಾಗಿ ಹಡದ ಅವ್ವನ್ನ ಕಿಟಕ್ಯಾಗ ಕುಂಡ್ರಿಸೀರಿ!"

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಾನು ಏನು ಹೇಳುತ್ತಿದ್ದೇನೆ ಎಂದು ತಿಳಿಯದವರ ಹಾಗೆ ನೋಡಿ, "ತಪ್ಪಿ ಯಾಕ ಒತ್ತಲಿ? ನಾ ತಿಳದ ಒತ್ತೇನಿ. ಮೊದಲಿಂದ ಆಂವಗ ಹಾಕಬೇಕಂತ ಇತ್ತು ನನಗ," ಎಂದರು.

ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳು ನಾನು. ಹೋಂವರ್ಕ್ ಮನೆಯಲ್ಲಿ ಮರೆತೆ ಎನ್ನುವ ಮುಖ ಯಾವುದು, ಬರೆದೇ ಇಲ್ಲದ ಮುಖ ಯಾವುದು ಎಂದು ದೂರದಿಂದಲೇ ಹೇಳಬಲ್ಲೆ. ಅದು ಸುಳ್ಳಿನ ಮುಖವಾಗಿರಲಿಲ್ಲ. ಹಗ್ಗ, ವರಾಂಡ, ಮುಳುಗಿದ ಇಡ್ಲಿ, "ತಪ್ಪಾತು" ಎಂದದ್ದು, ಎಲ್ಲವೂ ಅವರ ತಲೆಯಿಂದ ಒರೆಸಿ ಹೋಗಿತ್ತು. ಅಲ್ಲಿ ಈಗ ಬೇರೆಯೇ ಒಬ್ಬ ಗಂಡಸು ಕನ್ನಡಕ ಹಾಕಿಕೊಂಡು, ಯೋಚಿಸಿ, ಕೆಳಗಿನ ಬಟನ್ ಒತ್ತಿ ಬಂದಿದ್ದ. ನನಗೆ ಒಂದು ಕ್ಷಣ ಹೆದರಿಕೆಯಾಯಿತು. ನಲವತ್ತು ವರ್ಷದ ಸಂಸಾರದಲ್ಲಿ ಇನ್ನೂ ಏನೇನು ಹೀಗೆ ಒರೆಸಿ ಹೋಗಿದೆಯೋ, ಅವರ ತಲೆಯಲ್ಲೂ, ನನ್ನದರಲ್ಲೂ.

"ಏನದು ಖಾಲಿ?" ಎಂದರು ಅತ್ತೆ ಕಿಟಕಿಯಿಂದ.

ಹೇಳಿಬಿಟ್ಟೆ. ಶಾಲೆ, ಚೀಲದೊಳಗಿನ ಕನ್ನಡಕ, ನನ್ನ ಕೂಗು, ಎಲ್ಲ. ಕೇಳುತ್ತ ಕೇಳುತ್ತ ಅತ್ತೆಯ ಭುಜ ಅಲುಗಲು ಶುರುವಾಯಿತು. ಐದು ತಿಂಗಳಲ್ಲಿ ನಾನು ಕೇಳದ ನಗು. ತೊಡೆಯ ಮೇಲಿನ ಚೀಲದೊಳಗೆ ತಾಳಗಳೂ ಕಿಣಿಕಿಣಿ ಎಂದವು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗನ ಕಡೆ ತಿರುಗಿದಾಗ ನಗು ಇರಲಿಲ್ಲ.

"ಹಂಗಾರ ಮಾತು ಈಕೀದು, ಬಟ್ಟು ನಿಂದು. ನಡುವ ನಾ ಯಾಕೋ ತಮ್ಮಾ ಕುಂತೇನಿ ಇಲ್ಲಿ?"

"ಅವ್ವಾ, ನಾ ತಿಳದ..."

"ತಿಳದ ಒತ್ತಿದ್ರ ತಿಳದ ಸಹಿ ಮಾಡು. ತಪ್ಪಿ ಒತ್ತಿದ್ರ ತಪ್ಪಿ ಸಹಿ ಮಾಡು. ನಿನ್ನ ಪಕ್ಷ ನನಗ ಬ್ಯಾಡ. ನನ್ನ ಶನಿವಾರ ನನಗ ಕೊಡು."

ನಾನು ಗೆದ್ದ ಮುಖ ಮಾಡಿಕೊಂಡು ನಿಂತಿದ್ದೆನೋ ಏನೋ, ಅತ್ತೆ ನನ್ನನ್ನೂ ಬಿಡಲಿಲ್ಲ. "ನೀ ಏನ್ ಕಡಿಮಿ ಇದ್ದೀಯವಾ? ಗುಂಡಿ ಅಗಿಯೋ ದಿನ ಇಂಜಿನಿಯರ್ ಬಂದಾಂವ, ಹಳೇ ಪೈಪು ಸಣ್ಣದ ಹಾಕಿ ಕೆಡಿಸಿದ್ದು ಹಿಂದಿನವರ ಕಾಲದಾಗ ಅಂದ. ಶಾಸಕ ಏನ್ ಮಾಡತಾನ, ಗುತ್ತಿಗೆದಾರಂದು ತಪ್ಪು ಅಂತ ನೀ ಆಂವನ ಕೂಡ ಜಗಳಾ ತಗದಿ. ನಾ ಕೇಳೇನಿ."

ನಾನು ಹಾಗೆ ಅಂದದ್ದು ನಿಜ. ಪಂಪು ಕಳಿಸಿದವರು ಮೇಲಿನವರು ಎಂದು ನಾನು ಊರಿಗೆಲ್ಲ ಹೇಳುತ್ತ ಬಂದಿದ್ದೆ. ಪಂಪು ಬೇಕಾದದ್ದೇ ಅವರು ಹಾಕಿಸಿದ ಪೈಪಿನಿಂದ ಎಂದು ಇಂಜಿನಿಯರ್ ಹೇಳಿದಾಗ, ನನ್ನ ಕಿವಿಗೂ ಅದು ಬೇಡವಾಗಿತ್ತು. ನಾನಂತೂ ಕನ್ನಡಕ ಹಾಕಿಕೊಂಡೇ ಒತ್ತಿದ್ದೆ. ಅದಕ್ಕೇ ಇರಬೇಕು, ನನ್ನ ಮೇಲೆ ನನಗೆ ಅನುಮಾನವೇ ಬಂದಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಆ ಮನೆಯಲ್ಲಿ ಇಬ್ಬರಿದ್ದೆವು.

ಇವರು ಮತ್ತೆ ಕೂತು, ಖಾಲಿಯನ್ನು ಹೊಡೆದು ಹಾಕಿ ರಿಕಾಮಾ ಎಂದು ಬರೆದರು. ನೀಲಿ ಪೆನ್ನು ಹುಡುಕಿದರು. ಸಹಿ ಮಾಡಿದರು. ಕಪಾಟಿನಿಂದ ಸ್ಟಾಂಪು ತಂದು ಒತ್ತಿದರು, ಸೊಟ್ಟ ಬಿತ್ತು. "ಇದು ಯಾರ ಮ್ಯಾಲೂ ಕಂಪ್ಲೇಂಟ್ ಅಲ್ಲ ಮತ್ತ. ಬರೇ ನೆನಪು ಮಾಡಿಕೊಡೋದು," ಎಂದು ನನಗೆ ಕೇಳಿಸುವಂತೆ ಹೇಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಸ್ವಲ್ಪ ಸಮಾಧಾನ ಇರುತ್ತಿತ್ತು. ಸೋಮವಾರ ಅರ್ಜಿ ಕೊಟ್ಟು ಬಂದರು. ಬುಧವಾರ ಏನಾಯಿತು ಎಂದು ಕೇಳಲು ಹೋದರು. ಶುಕ್ರವಾರದ ಹೊತ್ತಿಗೆ ಗೇಟಿನಲ್ಲಿ ನಿಂತು ಹಾಲಿನವನಿಗೆ, ವಾಚ್‌ಮನ್‌ಗೆ, ಪಕ್ಕದ ಬಿಲ್ಡಿಂಗಿನ ಸೆಕ್ರೆಟರಿಗೆ, "ಐದು ತಿಂಗಳು! ಎಂಬತ್ತು ವರ್ಷದ ತಾಯಿ ಹೊರಗೆ ಬರುವ ಹಾಗಿಲ್ಲ! ಇವರಿಗೆ ನಾಚಿಕೆ ಇದೆಯೇ?" ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಶಾಸಕರ ಕಚೇರಿಗೆ ಹೋಗಿ ಬೋರ್ಡು ತೆಗೆಸಿ ಎಂದು ಜಗಳವಾಡಿ ಬಂದರಂತೆ. ಒಂದು ಸಹಿ ಮಾಡಿದ್ದೇ ತಡ, ಗುಂಡಿಯ ಮೊದಲ ವೈರಿ ಅವರೇ ಆದರು. ನಾನು ಹದಿನೈದು ದಿನ ಭರಣಿ ಎತ್ತಿದ್ದು, ಇಪ್ಪತ್ತೇಳು ಮನೆಯ ಬೆಲ್ಲು ಒತ್ತಿದ್ದು ಎಲ್ಲಿ ಹೋಯಿತೋ. ಮನುಷ್ಯನ ಕೈ ಮುಂದೆ ಹೋಗುತ್ತದೆ, ತಲೆ ಅದರ ಹಿಂದೆ ಓಡಿಬಂದು ನಾನೇ ಕಳಿಸಿದ್ದು ಅನ್ನುತ್ತದೆ.

ಮಳೆಗೆ ಇನ್ನೂ ಸಮಯವಿರುವಾಗಲೇ ಪೈಪು ಬಂತು, ಮಣ್ಣು ಬಿತ್ತು, ಮೇಲೆ ಒರಟು ಕಾಂಕ್ರೀಟೂ ಬಿತ್ತು. ಅದು ಒಣಗಿದ ಮೊದಲ ಶನಿವಾರ ಅತ್ತೆ ಹನ್ನೊಂದಕ್ಕೇ ಸೀರೆ ಉಟ್ಟು ಕೂತರು. ಅಂದು ಇವರೂ ನಮ್ಮ ಜೊತೆ ಹೊರಟರು. ಗೇಟು ದಾಟುವಾಗ ಅತ್ತೆ ನಿಂತು, ಕೋಲಿನಿಂದ ಕಾಂಕ್ರೀಟನ್ನು ಎರಡು ಸಲ ಕುಟ್ಟಿ ನೋಡಿದರು.

ಮಲಾಡ್ ಸ್ಟೇಷನ್ನಿನ ಬೆಂಚಿನಲ್ಲಿ ಇವರಿಗೆ ಪರಿಚಯದವರೊಬ್ಬರು ಸಿಕ್ಕರು. "ನಾನು ಮೊದಲಿನಿಂದಲೂ ಹೇಳುತ್ತಿದ್ದೆ, ಇವರನ್ನು ನಂಬಬೇಡಿ ಎಂದು," ಎಂದು ಇವರು ಶುರು ಮಾಡಿದರು. ನನ್ನ ಬಾಯಿ ತೆರೆಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಸುಮ್ಮನಿರವಾ. ಈಗರ ಸರೀದು ಒತ್ಯಾನ."

ಸ್ಲೋ ಲೋಕಲ್ ಬಂತು. ಹೆಂಗಸರ ಡಬ್ಬಿಯ ಬಾಗಿಲು ನಮ್ಮ ಮುಂದೆಯೇ ನಿಂತಿತು, ಒಳಗೆ ಎರಡು ಸಾಲು ಸೀಟಿನಲ್ಲಿ ಯಾರೂ ಇರಲಿಲ್ಲ. ಅತ್ತೆಯನ್ನು ಹಿಂದಿನಿಂದ ಹಿಡಿದು ಹತ್ತಿಸಲು ಇವರು ಬಂದಿದ್ದರು. ನಾನು ಮೊದಲು ಹತ್ತಿ, ಕೈ ಚಾಚಿ, ಅದೇ ಗಂಟಲಿನಲ್ಲಿ ಕೂಗಿದೆ, "ಖಾಲಿ ಐತ್ರೀ ಅತ್ತಿ, ಖಾಲಿ! ಬರ್ರಿ!"

ಅತ್ತೆ ಹತ್ತಿದರು. ಇವರು ಏನು ಬಿತ್ತೋ ಎಂದು ಕೆಳಗೆ, ಹಳಿಗಳ ಕಡೆ ಬಗ್ಗಿ ನೋಡುತ್ತಿದ್ದರು.